ಏಳು ಚಿಲ್ಲರೆ ವೋಲ್ಟು

ನಮ್ಮ ಕಾಕಾನ ತಲೆ ಕೆಟ್ಟಿದೆ ಎಂದು ಇಡೀ ಬೈಲಹೊಂಗಲ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಕೆಡಬೇಕಾದರೆ ಅದು ಮೊದಲೊಮ್ಮೆ ನೆಟ್ಟಗಿದ್ದಿರಬೇಕಲ್ಲ! ಆದರೆ ಇದನ್ನು ಹೇಳುವ ಹಕ್ಕು ಮನೆಯವನಾದ ನನಗಷ್ಟೇ ಇದೆ. ಹೊರಗಿನವರು ಹೇಳಿದರೆ ಜಗಳಕ್ಕೆ ನಿಲ್ಲುತ್ತೇನೆ.

ಎಲ್ಲ ಶುರುವಾದದ್ದು ಕಾಕಾನ ಹೆಂಡತಿ, ನಮ್ಮ ಕಾಕುವಿನ ದನಿ ನಿಂತಾಗ. ಆರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆದಮೇಲೆ ಕಾಕು ಮಾತಾಡುವುದು ಒಂದು ಪುಟ್ಟ ಯಂತ್ರದಿಂದ. ಕುತ್ತಿಗೆಗೆ ಒತ್ತಿ ಹಿಡಿದರೆ ಗುಂಯ್ ಎನ್ನುವ ದನಿಯಲ್ಲಿ ಮಾತು ಬರುತ್ತದೆ. ಆ ಗುಂಯ್ ದನಿಯಲ್ಲೇ ಬೈದು ಬೈದು ಕಾಕಾನನ್ನು ಹದದಲ್ಲಿಟ್ಟಿದ್ದರು. ಈ ಯುಗಾದಿಯ ಹೊತ್ತಿಗೆ ಅದರ ಬ್ಯಾಟರಿ ಸತ್ತಿತು. ಕಂಪನಿಗೆ ಫೋನ್ ಮಾಡಿದರೆ, "ಆ ಮಾಡೆಲ್ ಬಂದ್ ಆಗೇತ್ರಿ, ಹೊಸಾದು ತಗೋರಿ" ಎಂದರು.

"ನನ್ನ ಹೇಣ್ತಿನೂ ಹಳೇ ಮಾಡೆಲ್ ಅದಾಳ್ರಿ. ಹೊಸಾಕಿನ ತರ್ಲೇನು?" ಎಂದು ಕಾಕಾ ಫೋನ್ ಇಟ್ಟರು.

ನಾನು ಬೆಳಗಾವಿಯಿಂದ ಹೊಸದೊಂದನ್ನು ತಂದೇಬಿಟ್ಟೆ. ಕಾಕು ಕುತ್ತಿಗೆಗೆ ಹಿಡಿದು "ಆ" ಎಂದರು. ಯಾರೋ ಗಂಡಸು ಕೆಮ್ಮಿದಂತಾಯಿತು. ಕೆಳಗಿಟ್ಟು, ಬಳಪ ತೆಗೆದುಕೊಂಡು ಪಾಟಿಯ ಮೇಲೆ ಬರೆದರು: "ಇದು ನನ್ನ ದನಿ ಅಲ್ಲ."

ಕಾಕಾ ಓದಿದರು. "ಮುಗೀತು. ಹಳೇದನ್ನ ಮಾತಾಡಸ್ತೇನಿ."

ಬ್ಯಾಟರಿಯ ಬದಲು ಗೋಡೆಯ ಕರೆಂಟಿನಿಂದ ನಡೆಸಲು ಹಳೆಯದಕ್ಕೆ ಬೇಕಾದದ್ದು ಏಳು ಚಿಲ್ಲರೆ ವೋಲ್ಟು. ಕಡಿಮೆಯಾದರೆ ದನಿ ಏಳದು. ಹೆಚ್ಚಾದರೆ ಯಂತ್ರ ಸುಟ್ಟು ಕಾಕುವಿನ ದನಿ ಖಾಯಂ ಹೋದಂತೆ. ಅಂಗಡಿಯಲ್ಲಿ ಸಿಗುವ ಅಡಾಪ್ಟರುಗಳೆಲ್ಲ ಐದು, ಒಂಬತ್ತು, ಹನ್ನೆರಡು. ಗುಂಡಿ ತಿರುವಿ ಬೇಕಾದಷ್ಟಕ್ಕೆ ನಿಲ್ಲಿಸುವ ಪವರ್ ಸಪ್ಲೈ ಬೇಕಿತ್ತು.

"ಅದೂ ರೆಡಿ ಸಿಗತೈತ್ರಿ" ಎಂದ ಅಂಗಡಿಯವ.

"ಮಂದಿ ಸತ್ತ ಕಂಪ್ಯೂಟರ್ ಒಗ್ಯಾಕ ಹತ್ಯಾರ. ಅದರಾಗಿನ ಕರೆಂಟಿನ ಡಬ್ಬಿ ಗಟ್ಟಿ ಇರತೈತಿ, ಅದರಾಗ ನಾನ ಮಾಡ್ಕೋತೇನಿ. ಕೆಟ್ಟೈತಿ ಅಂತ ಹೇಳಿದವರು ಯಾರು? ಒಗದವರು. ಅವರ ಮಾತ ನಾ ಯಾಕ ಕೇಳ್ಲಿ?" ಎಂದರು ಕಾಕಾ.

ಅಂದಿನಿಂದ ಬೇಟೆ ಶುರು. ಕಿತ್ತೂರಿನ ಗುಜರಿ ಅಂಗಡಿಯ ಚಾಚಾ ಇಡೀ ರಾಶಿಯನ್ನೇ ಬಿಟ್ಟುಕೊಟ್ಟರು. ಅಲ್ಲಿ ಸಿಕ್ಕ ಮೂರು ಡಬ್ಬಿಗಳೂ ಸುಟ್ಟಿದ್ದವು. ಆ ವಾರವೇ ನನಗೆ ಹೆಣ್ಣು ನೋಡಲು ರಾಮದುರ್ಗಕ್ಕೆ ಹೋದೆವು. ಮನೆಯ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದಿಸಿದ ಹಳೆಯ ಕಂಪ್ಯೂಟರ್! ಹುಡುಗಿ ಚಹಾ ತಂದಾಗ ಕಾಕಾ ಬಟ್ಟೆ ಸರಿಸಿ ಇಣುಕುತ್ತಿದ್ದರು.

"ಹೆಂಗನಸ್ತೈತ್ರಿ?" ಎಂದರು ಹುಡುಗಿಯ ತಂದೆ.

"ಒಳಗ ಫ್ಯಾನ್ ತಿರಗಿದ್ರ ಈಗ ಒಯ್ತೇನ್ರಿ."

ಸಂಬಂಧ ಕೂಡಲಿಲ್ಲ. ಡಬ್ಬಿ ಕೂಡಿಬಂತು.

ಆ ಡಬ್ಬಿಗೂ ಒಂದು ಹಟ. ಹಸಿರು ವೈರನ್ನು ಕರಿ ವೈರಿಗೆ ಕೂಡಿಸದ ಹೊರತು ಅದು ಏಳುವುದಿಲ್ಲ. ಕಾಕಾ ಕಾಕುವಿನ ಹೇರ್‌ಪಿನ್ ಎತ್ತಿಕೊಂಡು ಎರಡನ್ನೂ ಕೂಡಿಸಿದರು. ಕಾಕು ಮನೆಯೆಲ್ಲ ಪಿನ್ನು ಹುಡುಕಿದರು. ಪಾಟಿಯ ಮೇಲೆ ಬರೆದು ಕೇಳಿದರೆ ಕಾಕಾ ಕನ್ನಡಕ ಇಲ್ಲವೆಂದು ತಪ್ಪಿಸಿಕೊಂಡರು. ಕರೆಂಟು ತಿನ್ನಲು ಏನೂ ಇಲ್ಲದಿದ್ದರೆ ಡಬ್ಬಿಯ ವೋಲ್ಟು ಕುಣಿಯುತ್ತದಂತೆ, ಅದಕ್ಕೆ ನನ್ನ ಬೈಕಿನ ಇಂಡಿಕೇಟರ್ ಬಲ್ಬನ್ನು ಕಿತ್ತು ಕಟ್ಟಿದರು.

"ಕೆಲಸ ಕೊಟ್ರ ಇದು ನೆಟ್ಟಗ ಇರತೈತಿ. ನಿಮ್ಮ ಸಾಲಿ ಮಾಸ್ತರಗೋಳ ಹಂಗಲ್ಲ."

ಮಾಸ್ತರನಾದ ನಾನು ಒಂದು ವಾರ ತಿರುವಿಗೆಲ್ಲ ಕೈ ತೋರಿಸುತ್ತ ಸವದತ್ತಿಯ ಶಾಲೆಗೆ ಹೋಗಿಬಂದೆ. ಕೊನೆಗೆ ಹಳೆಯ ಬೋರ್ಡಿನಿಂದ ಕಳಚಿದ, ವೋಲ್ಟು ತಗ್ಗಿಸುವ ರೆಗ್ಯುಲೇಟರ್ ಒಳಗೆ ಸೇರಿತು, ಮನೆಯ ರೇಡಿಯೋದ ವಾಲ್ಯೂಮ್ ಗುಂಡಿ ಡಬ್ಬಿಯ ಮುಖಕ್ಕೆ ಬಂದು ಕೂತಿತು. ಓಣಿಯ ಗಂಡಸರಿಗೆ ಹೊಟ್ಟೆಕಿಚ್ಚು. "ಹೇಣ್ತಿ ದನಿ ಸಣ್ಣ ಮಾಡೂ ಗುಂಡಿ ಅಂತಲ್ರಿ. ನಮಗೂ ಒಂದ ಮಾಡಿಕೊಡ್ರಿ."

ಭಂಡಾರದ ಅರಿಶಿನ ಹಚ್ಚದೆ ಹೊಸ ಯಂತ್ರ ಚಾಲೂ ಮಾಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಉಗರಗೋಳದಿಂದ ತಂದಿದ್ದ ಎಲ್ಲಮ್ಮನ ಭಂಡಾರವನ್ನು ಕಾಕು ಮುಷ್ಟಿ ತುಂಬ ತೆಗೆದು ಡಬ್ಬಿಯ ಮೇಲೆ ಎರಚಿದರು. ಡಬ್ಬಿಯ ತುಂಬ ತೂತುಗಳಿವೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಕಾಕಾ ಸ್ವಿಚ್ ಒತ್ತಿದ್ದೇ ತಡ, ಫ್ಯಾನು ಅಷ್ಟೂ ಅರಿಶಿನವನ್ನು ನಮ್ಮ ಮುಖಕ್ಕೆ ಊದಿತು! ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಅದನ್ನು ನೋಡಿ ಕಾಕಾ ತಮ್ಮ ನಗುವನ್ನು ನಿಲ್ಲಿಸಿದರು. ಪ್ಲಗ್ ಕಿತ್ತು, ಡಬ್ಬಿ ಬಿಚ್ಚಿ, ಮೂರು ದಿನ ಬ್ರಷ್ ಹಿಡಿದು ಅರಿಶಿನ ತೆಗೆದರು.

ನಾಲ್ಕನೆಯ ದಿನ ಡಬ್ಬಿ ಮುಚ್ಚಿ ಮತ್ತೆ ಚಾಲೂ ಮಾಡಿದರು. ಮೊದಲು ಮೀಟರು ಹಚ್ಚಿ, ಗುಂಡಿಯನ್ನು ಇಷ್ಟಿಷ್ಟೇ ತಿರುವಿ ಏಳು ಚಿಲ್ಲರೆಗೆ ತಂದರು. ಅದಕ್ಕಿಂತ ಮುಂದೆ ಹೋಗದಂತೆ ಪಕ್ಕಕ್ಕೊಂದು ಸ್ಕ್ರೂ ಬಿಗಿದರು. ಆಮೇಲೆ ವೈರನ್ನು ಹಳೆಯ ಯಂತ್ರಕ್ಕೆ ಕೂಡಿಸಿದರು. ಕಾಕು ಅದನ್ನು ಕುತ್ತಿಗೆಗೆ ಒತ್ತಿದರು. ಗುಂಯ್ ಎಂದಿತು.

"ನನ್ನ ಪಿನ್ನ ಎಲ್ಲಿ ಐತ್ರಿ?"

ಎರಡು ತಿಂಗಳ ಮೇಲೆ ಬಂದ ಮೊದಲ ಮಾತು.

"ಇಲ್ಲೇ ಐತಿ. ಅದನ್ನ ತಗದ್ರ ನಿನ್ನ ಮಾತ ನಿಲ್ಲತೈತಿ ನೋಡ" ಎಂದು ಕಾಕಾ ಹಸಿರು ವೈರು ತೋರಿಸಿದರು.

ಅಲ್ಲಿಂದ ಶುರುವಾಯಿತು. ಪಿನ್ನು, ಹಾಳಾದ ರೇಡಿಯೋ, ಅರಿಶಿನ ಮೆತ್ತಿದ ಗೋಡೆ, ರಾಮದುರ್ಗದ ಸಂಬಂಧ. ಕಾಕು ಒಂದನ್ನೂ ಬಿಡಲಿಲ್ಲ.

"ಕಾಕಾ, ಗುಂಡಿ ನಿಮ್ಮ ಕೈಯಾಗ ಐತಿ. ಸ್ವಲ್ಪ ಸಣ್ಣ ಮಾಡ್ರಲ್ಲ" ಎಂದೆ ನಾನು.

ಕಾಕಾ ನನ್ನನ್ನು ದುರುಗುಟ್ಟಿ ನೋಡಿದರು. ಕಣ್ಣು ತುಂಬಿದ್ದವು. ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ, ಗುಂಡಿ ಕಾಕುವಿನ ಕಡೆಗೆ ಬರುವಂತೆ ತಿರುಗಿಸಿ ಇಟ್ಟರು.

"ಇದು ಆಕಿ ಕಡೆನ ಇರತೈತಿ" ಎಂದರು ನನಗೆ. ಆಮೇಲೆ ಕಾಕುವಿನತ್ತ ತಿರುಗಿ, "ಹೂಂ, ನೀ ಬೈ ಮುಂದ."