ಎರಡನೇ ಶನಿವಾರದ ಭಜನೆ

ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಯಾರಿಗೂ ಹೇಳದೆ ಮನೆಯಿಂದ ಹೊರಡುವ ಸೌಲಭ್ಯ ದೊಡ್ಡ ಊರುಗಳಲ್ಲಿ ಇದೆಯಂತೆ. ನಮ್ಮ ಬೀಜಾಡಿಯಲ್ಲಿ ಇಲ್ಲ. ಇಲ್ಲಿ ಗೇಟು ದಾಟಿ ಬಸ್‌ಸ್ಟಾಪ್ ಮುಟ್ಟುವುದರೊಳಗೆ ಕನಿಷ್ಠ ನಾಲ್ಕು ಮಂದಿ "ಎಲ್ಲಿಗ್ ಹೊರಟದ್ದ್?" ಎಂದು ಕೇಳುತ್ತಾರೆ. ಇಲ್ಲೇ ಪೇಟೆಗೆ ಎಂದರೆ ಸಾಲದು. ಪೇಟೆಯಲ್ಲಿ ಯಾವ ಅಂಗಡಿಗೆ, ಆ ಅಂಗಡಿಯಲ್ಲಿ ಏನು ತರುವುದಕ್ಕೆ ಎಂಬ ವೈವಾ ಪಾಸಾದ ಮೇಲೆಯೇ ಬಸ್ಸು. ಇದನ್ನು ನಾನು ಕ್ಯೂರಿಯಾಸಿಟಿ ಎನ್ನುವುದಿಲ್ಲ, ಪ್ರೀತಿ ಎಂದೇ ಎನ್ನುತ್ತೇನೆ. ಆದರೆ ಹೇಳಲಾಗದ ಜಾಗಕ್ಕೆ ಹೊರಟವಳಿಗೆ ಈ ಪ್ರೀತಿಯನ್ನು ತಡೆದುಕೊಳ್ಳುವುದು ಬಹಳ ಕಷ್ಟ.

ನಾನು ಹೊರಟಿದ್ದು ಅಂಥ ಜಾಗಕ್ಕೆ. ಎರಡು ಸಾವಿರದ ಏಳೋ ಎಂಟೋ ಇರಬೇಕು. ನನ್ನ ಕರುಳಿನಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಅದನ್ನು ತೆಗೆದು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆ ಹೊರಗೆ ತಂದು, ಅದರ ಮೇಲೊಂದು ಚೀಲ ಅಂಟಿಸಿ, "ಯು ಆರ್ ಕ್ಯೂರ್ಡ್ ಮೇಡಂ" ಎಂದು ಮನೆಗೆ ಕಳಿಸಿದರು. ಆ ತುದಿಗೆ ಸ್ಟೋಮಾ ಎಂದು ಹೆಸರು. ಇನ್ನು ಮೇಲೆ ಹೋಗಬೇಕಾದ್ದೆಲ್ಲ ಅಲ್ಲಿಂದಲೇ ಹೋಗುವುದು, ಚೀಲ ತುಂಬುವುದು, ನಾನು ಖಾಲಿ ಮಾಡುವುದು. ಬದುಕಿದೆನಲ್ಲ ಎಂಬ ಸಂತೋಷ ಒಂದು ವಾರ ಇತ್ತು. ಆಮೇಲೆ ಗೊತ್ತಾಯಿತು, ಸ್ಟೋಮಾಕ್ಕೆ ಬಾಯಿ ಇದೆ, ಬಾಯಿ ಮುಚ್ಚಲು ಬರುವುದಿಲ್ಲ. ಗ್ಯಾಸ್ ಆದಾಗ ಅದು ಹೇಳದೆ ಕೇಳದೆ ಸದ್ದು ಮಾಡುತ್ತದೆ. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಚಮಚ ಬಟ್ಟಲಿಗೆ ತಾಗಿ ಟಿಣ್ ಎಂದರೂ "ಲೇಡೀಸ್, ಲೇಡೀಸ್" ಎಂದು ಹುಬ್ಬೇರಿಸುತ್ತಿದ್ದರು. ಆಗ ನನಗೆ ಎರಡು ಜಡೆ, ನೀಲಿ ರಿಬ್ಬನ್, ಸದ್ದೇ ಇಲ್ಲದ ನಡಿಗೆ. ಆ ಹುಡುಗಿಯನ್ನು ನೆನೆದರೆ ಈಗಲೂ ಸ್ವಲ್ಪ ಪಾಪ ಅನಿಸುತ್ತದೆ.

ಯಜಮಾನರಿಗೆ ಎಲ್ಲವೂ ಗೊತ್ತಿತ್ತು. ಅವರು ರೇಡಿಯೋದ ವಾಲ್ಯೂಮ್ ಜಾಸ್ತಿ ಮಾಡಿ ತಮ್ಮ ಕರ್ತವ್ಯ ಮುಗಿಸಿದರು. ನನ್ನ ಭಯವೆಲ್ಲ ಪಕ್ಕದ ಮನೆಯ ಗಿರಿಜಕ್ಕನದು. ಮೂವತ್ತು ವರ್ಷಗಳಿಂದ ಸಂಜೆ ನಾಲ್ಕು ಗಂಟೆಗೆ ನಮ್ಮ ಜಗಲಿಗೆ ಬಂದು ನನ್ನ ಕೈಯ ಕಾಫಿ ಕುಡಿಯುವವರು. ಆದರೆ ಮಡಿ ಎಂದರೆ ಮಡಿ. ತಮ್ಮ ಲೋಟ ತಾವೇ ತರುವವರು. ಒಮ್ಮೆ ನಮ್ಮ ಬೆಕ್ಕು ಜಗಲಿಯ ಮೂಲೆಯಲ್ಲಿ ಗಲೀಜು ಮಾಡಿತೆಂದು ಒಂದು ವಾರ ಆ ಕಡೆ ಕಾಲಿಡಲಿಲ್ಲ. ಬೆಕ್ಕಿಗೇ ಹೀಗಾದರೆ, ಅದೇ ಗಲೀಜನ್ನು ಹೊಟ್ಟೆಗೆ ಕಟ್ಟಿಕೊಂಡೇ ಕಾಫಿ ಸೋಸುವ ನನ್ನ ಗತಿ ಏನು? ಮಕ್ಕಳಿಲ್ಲದ ನನಗೆ ದಿನದಲ್ಲಿ ನಾಲ್ಕು ಗಂಟೆ ಎನ್ನುವುದೊಂದೇ ಹಬ್ಬ. ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಹರ್ನಿಯಾ ಆಪರೇಷನ್ ಎಂದುಬಿಟ್ಟೆ. ಎಂಟು ತಿಂಗಳು ಅವರಿಂದ ನಾಲ್ಕು ಮಾರು ದೂರ, ಗಾಳಿ ಹೋಗುವ ಕಡೆ, ಒಡಿಕೊಲೋನ್ ಸೆಂಟು ಹಾಕಿಕೊಂಡು ಕೂತೆ.

ಈ ನಡುವೆ ಆಸ್ಪತ್ರೆಯ ನರ್ಸ್ ಒಬ್ಬರು ಹೇಳಿದರು, ಕುಂದಾಪುರದಲ್ಲಿ ಚೀಲದವರೆಲ್ಲ ತಿಂಗಳ ಎರಡನೇ ಶನಿವಾರ ಒಂದು ಹಾಲ್‌ನಲ್ಲಿ ಸೇರುತ್ತಾರೆ, ಹೋಗಿ ಎಂದು. ಸಪೋರ್ಟ್ ಗ್ರೂಪ್ ಎಂದರೆ ಎಲ್ಲರೂ ಸುತ್ತ ಕೂತು ಅಳುವುದು ಎಂದುಕೊಂಡು ಎರಡು ಕರ್ಚೀಫ್ ಇಟ್ಟುಕೊಂಡು ಹೋದೆ. ಅಲ್ಲಿ ಬ್ರಹ್ಮಾವರದ ರಿಟೈರ್ಡ್ ಪೋಸ್ಟ್‌ಮಾಸ್ಟರು ಹಲಸಿನ ಹಣ್ಣು ತಿನ್ನಬಹುದೇ ಎಂಬ ವಿಷಯದಲ್ಲಿ ವಾದ ಮಾಡುತ್ತಿದ್ದರು. ಬೈಂದೂರು ಕಡೆಯಿಂದ ಬಂದ ಮೀನು ಮಾರುವ ಸೀತು ನನ್ನನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ, ಲಂಗದ ಲಾಡಿಯನ್ನು ಸ್ಟೋಮಾದ ಮೇಲೆ ಬಿಗಿಯದೆ ಎರಡು ಬೆರಳು ಎತ್ತರಕ್ಕೆ ಕಟ್ಟುವುದನ್ನು ಕಲಿಸಿದಳು. ಇಷ್ಟು ದಿನ ಚೀಲ ಸೋರುತ್ತಿದ್ದದ್ದು ಆ ಲಾಡಿಯಿಂದ. ಯಾವ ಡಾಕ್ಟರೂ ಹೇಳಿರಲಿಲ್ಲ. ಡಾಕ್ಟರುಗಳು ಸೀರೆ ಉಡುವುದಿಲ್ಲವಲ್ಲ. ಕರ್ಚೀಫ್ ಎರಡೂ ಮಡಚಿದ ಹಾಗೆಯೇ ವಾಪಸು ಬಂದವು.

ಎರಡನೇ ತಿಂಗಳು ಗೇಟಿನಲ್ಲೇ ಗಿರಿಜಕ್ಕ ಹಿಡಿದರು. ಎಲ್ಲಿಗೆ ಶಾಂತಕ್ಕ ಎಂದರು. ಗಾಬರಿಯಲ್ಲಿ ನನ್ನ ಬಾಯಿಗೆ ಬಂದದ್ದು "ಭಜನೆಗೆ." ಊರಿನ ಭಜನಾ ಮಂಡಳಿಯನ್ನು ಇಪ್ಪತ್ತು ವರ್ಷ ನಡೆಸಿದ ಹೆಂಗಸಿಗೆ, ಶ್ರುತಿ ಎಂದರೇನೆಂದೇ ತಿಳಿಯದ ನಾನು ಹೇಳಿದ ಮಾತು ಇದು. ಯಾವ ದೇವರ ಭಜನೆ ಎಂದು ಕೇಳಿದರು. ಆಲ್ ಗಾಡ್ಸ್, ಎಲ್ಲ ದೇವರದ್ದೂ ಎಂದೆ. ಅವರು "ಬಪ್ಪ ತಿಂಗ್ಳ್ ನಾನೂ ಬತ್ತೆ" ಎಂದರು.

ಬಂದೇ ಬಂದರು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ, ಕೈಚೀಲದಲ್ಲಿ ತಾಳ ಇಟ್ಟುಕೊಂಡು. ತಲೆನೋವು ಎಂದು ಇಳಿದುಬಿಡಲೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹಾಲ್ ತಲುಪಿದ ಮೇಲೆ ಅವರನ್ನು ಹೊರಗೆ ಚಪ್ಪಲಿ ಬಿಡಲು ಬಿಟ್ಟು, ನಾನು ಒಳಗೆ ಓಡಿ ಪೋಸ್ಟ್‌ಮಾಸ್ಟರಿಗೆ ಎರಡೇ ಮಾತಿನಲ್ಲಿ ನನ್ನ ಪಾಪ ಒಪ್ಪಿಸಿದೆ. ಆ ಪುಣ್ಯಾತ್ಮರು ಕಣ್ಣು ಮಿಟುಕಿಸಲಿಲ್ಲ. ಮೇಜಿನ ಮೇಲಿದ್ದ ಸ್ಯಾಂಪಲ್ ಚೀಲಗಳ ಮೇಲೆ ಟವೆಲ್ ಹೊದಿಸಿ, ಅದರ ಮೇಲೆ ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು ತಂದು ಒರಗಿಸಿ, ಕಣ್ಣು ಮುಚ್ಚಿ ಭಜನೆ ಶುರು ಮಾಡಿದರು. ಹನ್ನೊಂದು ಮಂದಿ ಹನ್ನೊಂದು ಶ್ರುತಿಯಲ್ಲಿ ಹಿಂಬಾಲಿಸಿದೆವು. ಗಿರಿಜಕ್ಕ ಬಾಗಿಲಲ್ಲಿ ನಿಂತು ಮುಖ ಹಿಂಡಿಕೊಂಡು ಕೇಳಿದರು. ಆಮೇಲೆ ತಡೆಯಲಾರದೆ ಒಳಗೆ ಬಂದು ಕೂತು, ತಾಳ ತೆಗೆದು, ನಮ್ಮನ್ನೆಲ್ಲ ದಾರಿಗೆ ತರಲು ಹೊರಟರು.

ಎರಡು ಭಜನೆ ದಾಟಿದೆವು. ಮೂರನೆಯದಕ್ಕೆ ಎಲ್ಲರೂ ಉಸಿರು ಎಳೆದುಕೊಂಡು ಸುಮ್ಮನಾದ ಆ ಒಂದು ಗಳಿಗೆಯಲ್ಲಿ, ನನ್ನ ಸ್ಟೋಮಾ ಮಾತಾಡಿತು. ಸಣ್ಣದಾಗಿ ಅಲ್ಲ, ಉದ್ದವಾಗಿ. ನಾನು ನೆಲ ನೋಡಿದೆ. ಕಾಫಿ, ಜಗಲಿ, ಮೂವತ್ತು ವರ್ಷ, ಎಲ್ಲ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

"ಅದ್ ನಂದ್ ಅಮ್ಮ, ಬೆಳಿಗ್ಗೆ ಹಲ್ಸಿನ್ ಹಣ್ಣ್ ತಿಂದಿದ್ದೆ" ಎಂದು ಸೀತು ಥಟ್ಟನೆ ಕೈ ಎತ್ತಿದಳು. ಪೋಸ್ಟ್‌ಮಾಸ್ಟರು ಗಂಟಲು ಸರಿಮಾಡಿಕೊಂಡು, ಇಲ್ಲ, ಅದು ತಮ್ಮದಿರಬೇಕು ಎಂದರು. ಹಿಂದಿನ ಸಾಲಿನಿಂದ ಇನ್ನೊಬ್ಬರು, ತಮ್ಮದೂ ಇರಬಹುದು ಎಂದರು. ಇಂಥ ಸೊತ್ತಿಗೆ ಇಷ್ಟು ವಾರಸುದಾರರು ಪ್ರಪಂಚದಲ್ಲಿ ಎಲ್ಲೂ ಸಿಕ್ಕಿರಲಿಕ್ಕಿಲ್ಲ.

ಗಿರಿಜಕ್ಕ ತಾಳವನ್ನು ಮೆಲ್ಲಗೆ ಕೆಳಗಿಟ್ಟರು.

"ಅದ್ ಶಾಂತಕ್ಕಂದೇ. ದಿನಾ ನಾಲ್ಕ್ ಗಂಟಿಗೆ ಕಾಪಿ ಕುಡಿತಾ ಕೇಂಡದ್ದೇ ಅಲ್ದಾ. ನಂಗೆಂತ ಕೆಮಿ ಇಲ್ಯಾ?" ಎಂದು ತಮ್ಮ ಕಿವಿ ಹಿಡಿದು ತೋರಿಸಿದರು.

ಎಂಟು ತಿಂಗಳಿಂದ ಗೊತ್ತಿತ್ತೇ ಎಂದು ಕೇಳಿದೆ.

"ಗೊತ್ತಿಲ್ದೆ? ಹರ್ನಿಯಾ ಅಂದ್ರಿ, ಸುಮ್ನಾದೆ. ಭಜನೆ ಅಂದ್ರಿ. ಮೂರನೇದ್ ಎಂತ ಹೇಳ್ತ್ರಿ ಕಾಂಬ ಅಂದ್ಕಂಡ್ ಬಂದೆ."

ಗೊತ್ತಿದ್ದೂ ದಿನಾ ಬಂದರಲ್ಲ. ನನ್ನ ಕೈಯ ಕಾಫಿ ಕುಡಿದರಲ್ಲ. ಮಡಿ ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ, ಬೆಕ್ಕಿಗೆ ಬುದ್ಧಿ ಕಲಿಸಬೇಕಿತ್ತು, ನಿಮಗೆ ಯಾಕೆ ಎಂದರು. ಅವರ ಲೆಕ್ಕ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಆಗ ಮಾತ್ರ ನಾನು ಅತ್ತೆ. ಆವತ್ತು ಕರ್ಚೀಫ್ ತಂದಿರಲಿಲ್ಲ, ಲಕ್ಷ್ಮಿಯ ಕೆಳಗಿನ ಟವೆಲನ್ನೇ ಪೋಸ್ಟ್‌ಮಾಸ್ಟರು ಎಳೆದು ಕೊಟ್ಟರು. ಸ್ಯಾಂಪಲ್ ಚೀಲಗಳೆಲ್ಲ ಹೊರಗೆ ಬಿದ್ದವು. ಗಿರಿಜಕ್ಕ ಒಂದೊಂದನ್ನೇ ಎತ್ತಿ, ಗಟ್ಟಿಯಿದೆಯೇ ಎಂದು ರವಿಕೆಯ ಬಟ್ಟೆ ನೋಡುವ ಹಾಗೆ ಎಳೆದು ನೋಡಿದರು.

ಅಂದಿನಿಂದ ನಾನು ಅವರ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತೇನೆ. ಹೊಟ್ಟೆ ಸದ್ದು ಮಾಡಿದರೆ ಇಬ್ಬರೂ ಮಾತು ನಿಲ್ಲಿಸುವುದಿಲ್ಲ. ತೊಂದರೆ ಎಂದರೆ, ಗಿರಿಜಕ್ಕ ಈಗ ಪ್ರತಿ ತಿಂಗಳೂ ಮೀಟಿಂಗಿಗೆ ಬರುತ್ತಾರೆ. ಚೀಲದ ಮಾತು ಹತ್ತು ನಿಮಿಷ, ಭಜನೆ ಒಂದು ಗಂಟೆ. ಸೀತುವಿಗೆ ತಾಳ ಒಪ್ಪಿಸಿದ್ದಾರೆ, ಪೋಸ್ಟ್‌ಮಾಸ್ಟರಿಗೆ ಮಂಗಳದ ಜವಾಬ್ದಾರಿ. ನನ್ನನ್ನು ಮಾತ್ರ ಹಿಂದಿನ ಸಾಲಿಗೆ ಕಳಿಸಿ ಅಪ್ಪಣೆ ಕೊಟ್ಟಿದ್ದಾರೆ: "ನಿಮ್ ಹೊಟ್ಟಿ ಬೇಕಾರೆ ಹಾಡ್ಲಿ ಶಾಂತಕ್ಕ, ನೀವ್ ಹಾಡ್ಬೇಡಿ." ನಾನು ತುಟಿಯನ್ನಷ್ಟೇ ಆಡಿಸುತ್ತಾ ಕೂರುತ್ತೇನೆ.