ಸಿಂಧನೂರಿನಲ್ಲಿ ಅಮೆರಿಕದ ಮನೆ ಊಟ

ಹೋಟೆಲ್ ಇಟ್ಟವನಿಗೆ ನಗುವ ಪ್ರಸಂಗಗಳ ಬರಗಾಲವಿಲ್ಲ. ಅದರಲ್ಲೂ ಭತ್ತದ ಪೇಟೆಯಲ್ಲಿ ಅಮೆರಿಕದ ಅಡುಗೆ ಮಾಡಿ ಬಡಿಸಲು ಹೊರಟವನಿಗೆ ಅವು ದಿನಾ ಗಿರಾಕಿಗಳ ಜೊತೆಯೇ ಒಳಗೆ ಬಂದು ಕೂರುತ್ತವೆ. ಹೈದರಾಬಾದಿನ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ಆರು ವರ್ಷ ಬೆವರಿಳಿಸಿ, ಸಿಂಧನೂರಿಗೆ ಮರಳಿ, ಅಕ್ಕನ ಗಂಡನ ಮಳಿಗೆಯಲ್ಲಿ ‘ಅಮೆರಿಕದ ಮನೆ ಊಟ’ ಅಂತ ಬೋರ್ಡ್ ಹಾಕಿದೆ. ಮೊದಲ ದಿನವೇ ಒಬ್ಬರು ಬಾಗಿಲಲ್ಲಿ ನಿಂತು ಕೇಳಿದರು, “ಮನಿ ಊಟ ಅಂತ ಬರ್ದೀರಿ. ಯಾರ ಮನೀದ್ರೀ?”

ಭಾವ ಗೊಬ್ಬರದ ವ್ಯಾಪಾರಿ. ಮಳಿಗೆಯ ಕೀಲಿ ಕೊಡುವಾಗಲೇ ಹೇಳಿದ್ದರು, “ದೀಪಾವಳಿ ತನಕ ನೋಡ್ತೀನಿ. ಮಂದಿ ಬರಲಿಲ್ಲಂದ್ರ ಇಲ್ಲೇ ಯೂರಿಯಾ ಚೀಲ ಇಳಸ್ತೀನಿ.” ಆರು ವರ್ಷ ಕಲಿತ ವಿದ್ಯೆಯ ಮೇಲೆ ಗೊಬ್ಬರದ ಚೀಲ ಬೀಳದಂತೆ ನೋಡಿಕೊಳ್ಳುವುದೊಂದೇ ನನಗಿದ್ದ ಚಿಂತೆ.

ಎರಡನೇ ಸಲ

ಭತ್ತ ಮಾರಲು ಬಂದಿದ್ದ ತುರ್ವಿಹಾಳದ ರೈತರೊಬ್ಬರು ಗೋಡೆಗೆ ಅಂಟಿಸಿದ್ದ ಅಡುಗೆಗಳ ಚಿತ್ರ ನೋಡಿ ಚೀಸ್ ಹಾಕಿದ ಮ್ಯಾಕರೋನಿ ಕೇಳಿದರು. ಹಾಲು, ಚೀಸ್ ಹಾಕಿ ಬೇಯಿಸಿದ್ದನ್ನು ತಂದಿಟ್ಟೆ. ತಟ್ಟೆ ಖಾಲಿಯಾಯಿತು. ಅವರು ಏಳಲಿಲ್ಲ. ಕೈ ತೊಳೆಯಲೂ ಹೋಗಲಿಲ್ಲ. ನಾನು ಬಿಲ್ ತಂದು ಮುಂದಿಟ್ಟೆ.

“ಇದೇನ್ರೀ? ಇನ್ನೂ ನೀಡೇ ಇಲ್ಲ!”

“ಒಂದ ಪ್ಲೇಟ್ ರೀ ಯಜಮಾನ್ರ. ಎರಡನೇ ಸಲ ನೀಡಂಗಿಲ್ಲ. ಅಮೆರಿಕದ ಪದ್ಧತಿ ಇದು.”

ಖಾನಾವಳಿಯಲ್ಲಿ ಸಾಕು ಸಾಕು ಅನ್ನುವವರೆಗೂ ರೊಟ್ಟಿ ಪಲ್ಯ ನೀಡಿಸಿಕೊಂಡು ಬೆಳೆದ ಜೀವ ಅದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವರ ಮುಖದಲ್ಲಿ ನಿಜವಾದ ಕನಿಕರ ಕಂಡಿತು. ನಾನು ಒಳಗೋಡಿ ಪಾತ್ರೆ, ಸೌಟು ತಂದು ನೀಡಿದೆ. ಅಂದಿನಿಂದ ನಮ್ಮಲ್ಲಿ ಅದೇ ಪದ್ಧತಿಯಾಯಿತು. ಹೊರಡುವಾಗ ಅವರು ಮೆತ್ತಗೆ ಕೇಳಿದರು, “ಅಲ್ರೀ, ಎರಡನೇ ಸಲ ನೀಡಂಗಿಲ್ಲಂದ್ರ ಆ ದೇಶದಾಗ ಮಂದಿ ಹೆಂಗ ಬದುಕ್ಯಾರ?”

ಹುಷಾರಿಲ್ಲದವರ ಊಟ

ಲಿಂಗಸುಗೂರಿನ ಕಚೇರಿಯೊಂದರ ಗುಮಾಸ್ತರು ಹೆಂಡತಿ, ತಾಯಿಯನ್ನು ಕರೆದುಕೊಂಡು ಬಂದರು. ಬೆಣ್ಣೆ ಹಾಕಿ ನುಣ್ಣಗೆ ಹಿಸುಕಿದ ಆಲೂಗಡ್ಡೆ ತಂದಿಟ್ಟೆ. ಹೈದರಾಬಾದಿನಲ್ಲಿ ನನಗೆ ಹೆಸರು ತಂದುಕೊಟ್ಟ ಅಡುಗೆ ಅದು. ತಾಯಿ ಅದನ್ನು ಬೆರಳಲ್ಲಿ ಮುಟ್ಟಿ ಗಾಬರಿಯಿಂದ ಮಗನ ಹಣೆ ಮುಟ್ಟಿದರು.

“ಯಾಕೋ, ಮೈಯಾಗ ಹುಷಾರಿಲ್ಲೇನು? ಜ್ವರ ಬಂದವರ ಊಟ ತರಿಸೀಯಲ್ಲ!”

ಮಗ ಬಾಯಿ ತೆರೆಯುವಷ್ಟರಲ್ಲಿ ಆ ತಾಯಿ ತಟ್ಟೆ ಎತ್ತಿಕೊಂಡು ನನ್ನ ಅಡುಗೆಮನೆಗೇ ಬಂದುಬಿಟ್ಟರು. ಬಾಣಲೆ ಇಟ್ಟು, ಸಾಸಿವೆ ಸಿಡಿಸಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಷಿಣ ಹಾಕಿ ಒಗ್ಗರಣೆ ಕೊಟ್ಟರು. ಘಮ ಹೊರಗೆ ಹೋದದ್ದೇ ತಡ, ಇದ್ದ ಗಿರಾಕಿಗಳೆಲ್ಲ “ನಮಗೂ ಅದ ಕೊಡ್ರಿ” ಅಂದರು. ನನಗೆ ಅವಮಾನವೂ ಆಯಿತು, ಬಾಯಲ್ಲಿ ನೀರೂ ಬಂತು. ಹೋಗುವಾಗ ತಾಯಿ ಬೆನ್ನು ತಟ್ಟಿ ಹೇಳಿದರು, “ನೋಡಿಕೊಂಡೀಯಲ್ಲ ತಮ್ಮ, ನಾಳಿಂದ ಹಿಂಗ ಮಾಡು. ಲಿಂಗಸುಗೂರಿಂದ ದಿನಾ ಬಂದು ಒಗ್ಗರಣಿ ಹಾಕಾಕ ನನಗ ಆಗಂಗಿಲ್ಲ.”

ಏಳು ಮಂದಿಗೆ ಒಂದು ಬರ್ಗರ್

ಮಸ್ಕಿಯ ನಿವೃತ್ತ ಮಾಸ್ತರರೊಬ್ಬರು ಬರ್ಗರ್ ತರಿಸಿಕೊಂಡರು. ಬಾಯಿಗೆ ಒಯ್ಯುವ ಮೊದಲು ಸುತ್ತ ನೋಡಿ, ಪಕ್ಕದವರಿಗೆ “ಬರ್ರಿ, ಊಟ ಮಾಡ್ರಿ” ಅಂದರು. ನಮ್ಮ ಕಡೆ ಎಲ್ಲರೂ ಅನ್ನುತ್ತಾರೆ. ಎದುರಿನವರು “ಇರಲಿ, ನೀವು ಮಾಡ್ರಿ” ಅನ್ನಬೇಕು. ಅಲ್ಲಿಗೆ ಮುಗಿಯಿತು. ಆದರೆ ಆ ದಿನ ಪಕ್ಕದಲ್ಲಿದ್ದವರು ಬರ್ಗರ್ ಹೇಗಿರುತ್ತದೋ ನೋಡೋಣವೆಂದು ನಿಜವಾಗಿಯೂ ಎದ್ದು ಬಂದರು! ಅವರ ಹಿಂದೆ ಇನ್ನೊಂದು ಟೇಬಲ್ಲಿನವರೂ ಬಂದರು.

ಕರೆದ ಮೇಲೆ ಇಲ್ಲ ಅನ್ನುವಂತಿಲ್ಲ. ಮಾಸ್ತರರು ಚಾಕು ಕೇಳಿ, ಶಾಲೆಯಲ್ಲಿ ಸೀಮೆಸುಣ್ಣ ಹಂಚಿದಷ್ಟೇ ಶಿಸ್ತಿನಿಂದ ಏಳು ಪಾಲು ಮಾಡಿದರು. ಬಲವಂತ ಮಾಡಿ ನನಗೂ ಒಂದು ಕೊಟ್ಟರು. ಕೊನೆಗೆ ಅವರಿಗೆ ಉಳಿದದ್ದು ಬನ್ನಿನ ಮೇಲಿಂದ ಉದುರಿದ್ದ ನಾಲ್ಕು ಕಾಳು ಎಳ್ಳು. ಅದನ್ನೇ ಬಾಯಿಗೆ ಹಾಕಿಕೊಂಡು, “ಹೆಂಗೈತ್ರೀ ಮಾಸ್ತರ?” ಅಂತ ಕೇಳಿದವರಿಗೆ ಗಂಭೀರವಾಗಿ ಉತ್ತರಿಸಿದರು, “ಎಳ್ಳಂತೂ ಭಾರಿ ಛಲೋ ಹುರದಾರ.”

ಅಮೆರಿಕದವರೇ ಬಂದರು

ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ಮಧ್ಯಾಹ್ನದ ಹೊತ್ತಿನಲ್ಲೂ ಆ ದಿನ ನನ್ನ ದುರದೃಷ್ಟಕ್ಕೆ ಒಂದೇ ಟೇಬಲ್ ತುಂಬಿತ್ತು. ಅದೂ ಈಗ ಕಾಯಂ ಗಿರಾಕಿಯಾಗಿದ್ದ ತುರ್ವಿಹಾಳದ ರೈತರು. ಸರಿಯಾಗಿ ಅದೇ ಹೊತ್ತಿಗೆ ಭಾವ ಯೂರಿಯಾ ತುಂಬಿದ ಲಾರಿ ತಂದು ಬಾಗಿಲಿಗೇ ನಿಲ್ಲಿಸಿದರು. ಹಮಾಲರು ಹೆಗಲಿಗೆ ಟವೆಲ್ ಹಾಕಿಕೊಂಡರು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಲಾರಿಯ ಹಿಂದೆ ಕಾರೊಂದು ನಿಂತಿತು. ಮಸ್ಕಿಯ ಶಾಸನ ನೋಡಲು ಬಂದಿದ್ದ ಅಮೆರಿಕದವರೊಬ್ಬರನ್ನು ಅವರ ಡ್ರೈವರ್ ಬೋರ್ಡ್ ನೋಡಿ ಕರೆತಂದಿದ್ದ. ಭಾವ ಹಮಾಲರಿಗೆ, “ತಡೀರಿ, ಅವರ ಅಡಗಿ ಅವರಿಗೇ ಗೊತ್ತಿರತೈತಿ. ಏನಂತಾರ ನೋಡೂಣು” ಅಂದರು.

ಒಗ್ಗರಣೆಯ ಆಲೂಗಡ್ಡೆ ಬಡಿಸಿದೆ. ಅವರು ತಿಂದರು. ಕಣ್ಣಲ್ಲಿ ನೀರು ಬಂತು, ಮೂಗು ಒರೆಸಿಕೊಂಡರು, ಮತ್ತೆ ತಿಂದರು. ಡ್ರೈವರ್‌ಗೆ ಏನೋ ಹೇಳಿದರು. ಅವನು ನನ್ನ ಕಡೆ ತಿರುಗಿದ.

“ಸಾಹೇಬ್ರು ಕೇಳಾಕತ್ಯಾರ್ರೀ, ಇದು ನಿಮ್ಮ ಸಿಂಧನೂರಿನ ಹಳೇ ಕಾಲದ ಅಡಗಿ ಏನಂತ. ಇಂಥಾದ್ದು ಅವರು ಹುಟ್ಟಿದಾಗಿಂದ ತಿಂದಿಲ್ಲಂತ.”

ಭಾವ ಬೋರ್ಡ್ ನೋಡಿದರು. ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಆಗ ಆ ಸಾಹೇಬರು ಖಾಲಿ ತಟ್ಟೆಯನ್ನು ಮೆಲ್ಲಗೆ ಮುಂದೆ ಸರಿಸಿ, ನಾಚಿಕೊಂಡು, ಇನ್ನಷ್ಟು ಸಿಗುವುದೇ ಎಂದು ಕೈಸನ್ನೆ ಮಾಡಿದರು. ಭಾವ ಬಾಗಿಲ ಕಡೆ ಕೂಗಿದರು, “ಲೇ, ಲಾರಿ ತಿರುಗಿಸ್ರೋ, ಚೀಲ ಗೋದಾಮಿಗೆ ಒಯ್ರಿ!” ಕೂಗಿದವರೇ ಪಾತ್ರೆ, ಸೌಟು ತಮ್ಮ ಕೈಗೆ ತೆಗೆದುಕೊಂಡರು.

ಪಕ್ಕದ ಟೇಬಲ್ಲಿನಿಂದ ತುರ್ವಿಹಾಳದ ರೈತರು ಅವಸರದಿಂದ ಎದ್ದು ನಿಂತರು.

“ಛಂದಂಗೆ ನೀಡ್ರಿ, ಪಾಪ! ಅವರ ದೇಶದಾಗ ಎರಡನೇ ಸಲ ನೀಡಂಗಿಲ್ಲ. ಅದಕ್ಕ ಇಲ್ಲೀತನಕ ಬಂದಾರ.”