ಮಲಗಿಸಲು ಹೋಗಿ ಮಲಗಿದ್ದು

ಮಕ್ಕಳ ಹಟಕ್ಕೆಲ್ಲ ನಿದ್ದೆಗೇಡೇ ಮೂಲ ಎಂಬ ಮಹಾಜ್ಞಾನ ನನಗೆ ಮೊಬೈಲ್‌ನಲ್ಲಿ ಲಭಿಸಿತ್ತು. ನಿದ್ದೆಯಾದ ಮಗು ನಗುತ್ತದೆ, ಆಗದ ಮಗು ಕಚ್ಚುತ್ತದೆ. ನಮ್ಮ ನಾಲ್ಕು ವರ್ಷದ ಸಮ್ಮು ಎರಡನೆಯ ಪಂಗಡದವಳು. ತಮ್ಮನ ಹೆಂಡತಿಯ ಸೀಮಂತದ ಕುಬುಸ ಕಾರ್ಯದಲ್ಲಿ ಯಾರದೋ ಮಗುವಿನ ಕೈ ಕಚ್ಚಿ ಹೆಸರು ಮಾಡಿದ್ದಳು.

ಹಾಗಾಗಿ ತಮ್ಮನ ಕೂಸಿನ ತೊಟ್ಟಿಲ ಕಾರ್ಯಕ್ಕೆ ಕರೆಯಲು ಅವನ ಅತ್ತೆ ಗಂಗಮ್ಮನವರು ಫೋನ್ ಮಾಡಿದಾಗ ದನಿ ತಗ್ಗಿಸಿದರು.

"ಸೋದರತ್ತಿ ನೀವ, ಹೆಸರಿಡಾಕ ಬರಬೇಕ್ರಿ. ಸಮ್ಮೂನ ಅವರಪ್ಪನ ಹತ್ರ ಬಿಟ್ಟು ಬಂದ್ರ ಚಲೋ ಅನಸ್ತೈತಿ."

ನನಗೆ ಬಹಳ ನೋವಾಯಿತು. ನಾನು ಬೇಕು, ನನ್ನ ಮಗಳು ಬೇಡವೇ! ನಿದ್ದೆಗೂ ಮಕ್ಕಳ ಸಿಟ್ಟಿಗೂ ಇರುವ ಸಂಬಂಧದ ಕುರಿತು ಅವರಿಗೆ ಸುದೀರ್ಘ ಉಪನ್ಯಾಸ ಕೊಟ್ಟೆ. "ಮಧ್ಯಾಹ್ನ ಮಲಗಿಸಿಕೊಂಡ ಬರ್ತೀನ್ರಿ. ಸಮ್ಮು ಕಚ್ಚಿದ್ರ ನನ್ನ ಕೇಳ್ರಿ," ಎಂದು ಜಾಮೀನು ನಿಂತೆ.

ಪಕ್ಕದಲ್ಲಿದ್ದ ನಮ್ಮವರು ಆಕಳಿಸಿದರು. "ನಿನ್ನ ಭಾಷಣ ಕೇಳಿ ನನಗ ನಿದ್ದಿ ಬರಾಕತ್ತೈತಿ. ಇದನ್ನ ಸಮ್ಮೂಗ ಹೇಳು."

ಕಾರ್ಯ ಸಂಜೆಗೆ, ಮೆಹದಿಪಟ್ಟಣಂನಲ್ಲಿ. ನಮ್ಮ ಮನೆ ಅದೇ ಊರಿನ ಸನತ್‌ನಗರದಲ್ಲಿ, ಆಟೊದಲ್ಲಿ ಮುಕ್ಕಾಲು ಗಂಟೆ ದೂರ. ಊಟವಾದ ಕೂಡಲೇ ಕಿಟಕಿಗೆ ಚಾದರ ಕಟ್ಟಿ ಕೋಣೆ ಕತ್ತಲು ಮಾಡಿದೆ. ಸಮ್ಮು ಕಣ್ಣು ಮುಚ್ಚುತ್ತಿದ್ದಂತೆ ಹೊರಗೆ ತರಕಾರಿ ಗಾಡಿಯವನು ಕೂಗಿದ. ನಾನು ಬಾಲ್ಕನಿಗೆ ಓಡಿ, "ಭಯ್ಯಾ, ಬಚ್ಚಿ ಸೋ ರಹೀ ಹೈ!" ಎಂದು, ಮಗು ಮಲಗುತ್ತಿದೆಯೆಂದು, ಅವನಿಗಿಂತ ಜೋರಾಗಿ ಕೂಗಿದೆ. ಸಮ್ಮು ಎದ್ದು ಕೂತಳು.

ಮತ್ತೆ ಮಲಗಿಸಿ ತಟ್ಟಿದೆ. ನಿಧಾನವಾಗಿ, ಒಂದೇ ಸಮನೆ ತಟ್ಟಬೇಕೆಂದು ಮೊಬೈಲ್ ಹೇಳಿತ್ತು. ತಟ್ಟಿದೆ, ತಟ್ಟಿದೆ, ಎಂಥ ಹಿತವಾದ ನಿದ್ದೆ ಬಂತೆಂದರೆ ಹೇಳತೀರದು!

ಎಚ್ಚರವಾದಾಗ ಬಾಗಿಲಲ್ಲಿ ಸಮ್ಮು ತುಟಿಗೆ ಬೆರಳಿಟ್ಟು ನಿಂತಿದ್ದಳು. "ಪಪ್ಪಾ, ಸದ್ದು ಮಾಡಬ್ಯಾಡ. ಅವ್ವ ಮಲಗ್ಯಾಳ."

ಗಡಬಡಿಸಿ ಸೀರೆ ಸುತ್ತಿಕೊಂಡೆ. ಮೂವರೂ ಹೊರಟೆವು. ಇನ್ನು ಆಟೊದಲ್ಲಾದರೂ ಮಲಗಿಯಾಳೆಂದು ನೋಡಿದರೆ, ಮೆಹದಿಪಟ್ಟಣಂ ಮುಟ್ಟುವವರೆಗೂ ಬಸ್ಸಿನ ಬಣ್ಣ ಹೇಳುತ್ತಾ ಕೂತಳು.

ನಮ್ಮಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಇದು ಸಮ್ಮುಗೆ ಗೊತ್ತಿರಲಿಲ್ಲ. ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ನಾನು ತೊಟ್ಟಿಲಿಗೆ ಬಗ್ಗಿ 'ಕುರ್ರ್' ಎಂದೆ. ಗಂಗಮ್ಮನವರು ಮೊದಲ ಗುದ್ದು ಹಾಕಿದರು.

"ನಮ್ಮವ್ವನ್ನ ಹೊಡೀತಿ!" ಎಂದು ಸಮ್ಮು ಹಾರಿ ಬಂದು ಅವರ ಮುಂಗೈಗೆ ಬಾಯಿ ಹಾಕಿದಳು.

ಅವರು ಚೀರಿದರು, ಕೂಸು ಚೀರಿತು. ನಾನು ಹೇಳಿದ ಹೆಸರು ಕೂಸಿಗೇ ಕೇಳಿಸಲಿಲ್ಲ. ನನ್ನ ಪರವಾಗಿ ಯುದ್ಧಕ್ಕಿಳಿದ ಮಗಳ ಮೇಲೆ ಮುದ್ದು ಉಕ್ಕಿದರೂ, ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಗಂಗಮ್ಮನವರು ಕೈ ಉಜ್ಜಿಕೊಳ್ಳುತ್ತಾ ಕೇಳಿದರು. "ಯಾಕವಾ ಸಮ್ಮೂ, ಮಧ್ಯಾಹ್ನ ಮಲಗಿಲ್ಲೇನು?"

"ಇಲ್ಲ," ಎಂದಳು ಸಮ್ಮು ಬಿಕ್ಕುತ್ತಾ. "ಅವ್ವ ಮಲಗಿದ್ಲು."

ಮನೆಯೆಲ್ಲ ನಕ್ಕಿತು. ಅಪ್ಪನ ಹೆಗಲೇರಿದ ಸಮ್ಮು ಅತ್ತೂ ಅತ್ತೂ ಅಲ್ಲೇ ನಿದ್ದೆಹೋದಳು. ನಾನು ಮತ್ತೊಮ್ಮೆ ಹೆಸರು ಹೇಳಲು ಬಗ್ಗಿದೆ. ಈ ಸಲ ಗುದ್ದಲು ಯಾರಿಗೂ ಧೈರ್ಯವಾಗಲಿಲ್ಲ.

ಗಂಗಮ್ಮನವರು ಮಾತ್ರ ಹೋಗಿ, ಸಮ್ಮುವಿನ ಮುಖ ಬಗ್ಗಿ ನೋಡಿ, ಗಾಢ ನಿದ್ದೆಯೆಂದು ಖಾತ್ರಿ ಮಾಡಿಕೊಂಡು ಬಂದರು.

"ಜಾಮೀನು ನಿಂತಿದ್ರಲ್ರಿ," ಎಂದು ನನ್ನ ಬೆನ್ನಿಗೆ ಎರಡೂ ಕೈಯಿಂದ ಗುದ್ದಿದರು.